ಶಿಲುಬೆಯ ಕೆಳಗಿನ ಸ್ತ್ರೀಯರು: ಪ್ರಾಯಶ್ಚಿತ್ತ ಸಿದ್ಧಾಂತ ಮತ್ತು ಸ್ತ್ರೀವಾದಿ ವಿಮರ್ಶೆಯ ಚಾರಿತ್ರಿಕ ಅವಲೋಕನ

ಕ್ರಿಸ್ತರು ನಮಗಾಗಿ, ನಮ್ಮ ರಕ್ಷಣೆಗಾಗಿ ಶಿಲುಬೆಗೇರಿದರು ಎಂದು ಪ್ರತಿ ಭಾನುವಾರ ವಿಶ್ವಾಸಸಂಗ್ರಹದಲ್ಲಿ ಘೋಷಿಸುತ್ತೇವೆ. ಆ ಮರಣವು ನಮ್ಮನ್ನು ಯಾವ ರೀತಿಯಲ್ಲಿ ರಕ್ಷಿಸುತ್ತದೆ ಎಂಬುದನ್ನು ವಿಶ್ವಾಸಸಂಗ್ರಹ ವಿವರಿಸುವುದಿಲ್ಲ. ತ್ರಿತ್ವದ ಬಗ್ಗೆ 325ರ ನೈಸಿಯಾ ಮಹಾಸಭೆಯೂ ಕ್ರಿಸ್ತರ ಎರಡು ಸ್ವಭಾವಗಳ ಬಗ್ಗೆ 451ರ ಕ್ಯಾಲ್ಸೆಡೋನ್ ಮಹಾಸಭೆಯೂ ಖಚಿತವಾದ ನಿರೂಪಣೆಗಳನ್ನು ನೀಡಿದವು. ಉದ್ಧಾರದ ರೀತಿಯ ಬಗ್ಗೆ ಅಂತಹ ಒಂದೇ ಸಿದ್ಧಾಂತವನ್ನು ಯಾವ ವಿಶ್ವಪರಿಷತ್ತೂ ನಿರ್ಣಯಿಸಲಿಲ್ಲ. 1547ರಲ್ಲಿ ಟ್ರೆಂಟ್ ಮಹಾಸಭೆ ನೀತೀಕರಣದ ಕುರಿತ ತನ್ನ ಆಜ್ಞಾಪತ್ರದಲ್ಲಿ ಕ್ರಿಸ್ತರು ತಮ್ಮ ಯಾತನೆಯ ಮೂಲಕ ನಮಗಾಗಿ ಪುಣ್ಯವನ್ನು ಸಂಪಾದಿಸಿದರು, ಪಿತನಿಗೆ ಪರಿಹಾರವನ್ನು ಸಲ್ಲಿಸಿದರು ಎಂದು ಬೋಧಿಸಿತು. ಆದರೆ ಆ ಪರಿಹಾರದ ಒಳಗಿನ ತರ್ಕವನ್ನು ದೈವಶಾಸ್ತ್ರಜ್ಞರ ಚಿಂತನೆಗೆ ಬಿಟ್ಟುಕೊಟ್ಟಿತು.

ಈ ತೆರೆದ ಬಾಗಿಲಿನ ಮೂಲಕ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ತ್ರೀವಾದಿ ದೈವಶಾಸ್ತ್ರಜ್ಞೆಯರು ಒಂದು ಕಠಿಣ ಪ್ರಶ್ನೆಯನ್ನು ಹೊತ್ತು ಒಳಬಂದರು. ನಿರಪರಾಧಿಯೊಬ್ಬನು ಮರುಮಾತಿಲ್ಲದೆ ಹಿಂಸೆಯನ್ನು ಅನುಭವಿಸಿದ್ದೇ ಲೋಕದ ರಕ್ಷಣೆಯಾದರೆ, ಗಂಡನ ಹೊಡೆತಗಳನ್ನು ಮರುಮಾತಿಲ್ಲದೆ ಸಹಿಸುವ ಹೆಂಡತಿಗೆ ಧರ್ಮಸಭೆ ಏನು ಹೇಳಬೇಕು? ಶಿಲುಬೆಯನ್ನು ಹೊತ್ತುಕೊ ಎನ್ನಬೇಕೆ? ಈ ಪ್ರಶ್ನೆಯನ್ನು ಪಾಶ್ಚಾತ್ಯರ ಹೊಸ ವರಸೆಯೆಂದು ಬದಿಗಿಡುವುದು ಸುಲಭ. ಆದರೆ ಸಂಪ್ರದಾಯದ ಚರಿತ್ರೆಯನ್ನು ತಾಳ್ಮೆಯಿಂದ ಓದಿದರೆ ಇದರ ಬೇರುಗಳು ಸಂಪ್ರದಾಯದ ಒಳಗೇ ಇರುವುದು ಕಾಣುತ್ತದೆ. ಆ ಚರಿತ್ರೆಯನ್ನು ಸಂಕ್ಷೇಪವಾಗಿ ಗುರುತಿಸಿ, ಸ್ತ್ರೀವಾದಿ ವಿಮರ್ಶೆಯು ಎಲ್ಲಿ ಗುರಿಮುಟ್ಟಿದೆ, ಎಲ್ಲಿ ಗುರಿಯನ್ನು ಮೀರಿದೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

1. ಪದಗಳು ಮತ್ತು ಪ್ರಾಚೀನ ರೂಪಕಗಳು

ಮೊದಲು ನಮ್ಮ ಪದವನ್ನೇ ಗಮನಿಸೋಣ. ಕನ್ನಡದಲ್ಲಿ ‘ಪ್ರಾಯಶ್ಚಿತ್ತ’ ಎಂಬುದು ಧರ್ಮಶಾಸ್ತ್ರಗಳ ಮೂಲಕ ಬಂದ ಮಾತು. ತಪ್ಪು ಮಾಡಿದವನು ತಾನೇ ಕೈಗೊಳ್ಳುವ ವ್ರತ, ದಾನ, ಉಪವಾಸಗಳಿಗೆ ಆ ಹೆಸರು. ಕ್ರೈಸ್ತ ಬಳಕೆಯಲ್ಲಿ ಇದೇ ಪದವು ಇನ್ನೊಬ್ಬರು ನಮಗಾಗಿ ಮಾಡಿದ ಕಾರ್ಯವನ್ನು ಸೂಚಿಸುತ್ತದೆ. ಜೊತೆಗೆ ‘ಈಡು’, ‘ವಿಮೋಚನೆ’, ‘ಬಲಿ’, ‘ಸಂಧಾನ’ ಎಂಬ ಮಾತುಗಳೂ ನಮ್ಮಲ್ಲಿವೆ. ಒಂದೊಂದೂ ಒಂದೊಂದು ಲೋಕದಿಂದ ಬಂದದ್ದು: ಈಡು ಮತ್ತು ವಿಮೋಚನೆ ಗುಲಾಮರ ಬಿಡುಗಡೆಯಿಂದ, ಬಲಿ ದೇವಾಲಯದಿಂದ, ಸಂಧಾನ ಮುರಿದ ಸಂಬಂಧದಿಂದ. ರೋಮನರಿಗೆ ಬರೆದ ಪತ್ರದ 3:25ರಲ್ಲಿ ಸಂತ ಪೌಲರು ಬಳಸುವ ಗ್ರೀಕ್ ಪದವು, ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಒಡಂಬಡಿಕೆಯ ಮಂಜೂಷದ ಮೇಲಿದ್ದ ಕೃಪಾಸನವನ್ನು ಸೂಚಿಸುತ್ತದೆ. ಅಲ್ಲಿ ಕ್ರಿಸ್ತರನ್ನು ಮುಂದಿರಿಸುವವರು ದೇವರೇ ಎಂಬುದನ್ನು ಗಮನಿಸಬೇಕು. ಕೋಪಗೊಂಡ ದೇವರನ್ನು ಮಾನವನು ಸಮಾಧಾನಪಡಿಸುವ ಕ್ರಮವು ಇಲ್ಲಿ ತಲೆಕೆಳಗಾಗಿದೆ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಸಂತ ಪೇತ್ರರ ಮೊದಲ ಪ್ರಬೋಧನೆಗಳೂ ಗಮನಾರ್ಹ (2:23-24, 3:15). ಯೇಸುವಿನ ಮರಣವು ದೇವರ ಯೋಜನೆಯ ಹೊರಗೆ ನಡೆದದ್ದಲ್ಲ ಎಂದು ಅವರು ಸಾರುತ್ತಾರೆ; ಆದರೂ ಕೊಂದದ್ದು ಮನುಷ್ಯರ ಕೃತ್ಯ, ಎಬ್ಬಿಸಿದ್ದು ದೇವರ ಕೃತ್ಯ ಎಂಬ ಭೇದವನ್ನು ಅವರು ಅಳಿಸುವುದಿಲ್ಲ. ಈ ಭೇದವು ಮುಂದಿನ ಶತಮಾನಗಳಲ್ಲಿ ಯಾವಾಗ ಮಸುಕಾಯಿತೋ ಆಗೆಲ್ಲ ಪ್ರಾಯಶ್ಚಿತ್ತದ ಬೋಧನೆ ದಾರಿತಪ್ಪಿತು.

ಧರ್ಮಸಭೆಯ ಪಿತಾಮಹರಲ್ಲಿ ಎರಡನೆಯ ಶತಮಾನದ ಸಂತ ಇರೆನೇಯಸರು ಕ್ರಿಸ್ತರನ್ನು ಆದಾಮನ ಬಾಳನ್ನು ಮೊದಲಿನಿಂದ ಮತ್ತೆ ಬಾಳಿ ಗುಣಪಡಿಸಿದ ಹೊಸ ಶಿರಸ್ಸೆಂದು ಕಂಡರು. ಓರಿಜನರು ಮತ್ತು ನಿಸ್ಸಾದ ಸಂತ ಗ್ರೆಗೊರಿಯವರು ಸೈತಾನನಿಗೆ ಕೊಟ್ಟ ಈಡಿನ ರೂಪಕವನ್ನು ಬೆಳೆಸಿದರು. ಗ್ರೆಗೊರಿಯವರ ಕಲ್ಪನೆಯಲ್ಲಿ ಕ್ರಿಸ್ತರ ಮಾನವತ್ವವು ಗಾಳಕ್ಕೆ ಸಿಕ್ಕಿಸಿದ ಎರೆಯಾಗಿತ್ತು, ದೈವತ್ವವು ಅದರೊಳಗಿನ ಕೊಕ್ಕೆಯಾಗಿತ್ತು. ಈ ಚಿತ್ರವನ್ನು ನಾಜಿಯಾಂಜಿನ ಸಂತ ಗ್ರೆಗೊರಿಯವರು ತಮ್ಮ 45ನೆಯ ಉಪನ್ಯಾಸದಲ್ಲಿ ನೇರವಾಗಿ ಪ್ರಶ್ನಿಸಿದರು. ಆ ರಕ್ತವನ್ನು ಯಾರಿಗೆ ಸಲ್ಲಿಸಲಾಯಿತು? ಸೈತಾನನಿಗೆ ಎನ್ನುವುದು ಅಸಹ್ಯ. ಪಿತನಿಗೆ ಎನ್ನೋಣವೇ? ನಮ್ಮನ್ನು ಸೆರೆಯಲ್ಲಿಟ್ಟವರು ಪಿತನಲ್ಲವಲ್ಲ. ಅಬ್ರಹಾಮನು ಇಸಾಕನನ್ನು ಅರ್ಪಿಸಹೋದಾಗ ಒಪ್ಪದೆ ಟಗರನ್ನು ಒದಗಿಸಿದ ದೇವರು ತಮ್ಮ ಏಕೈಕ ಪುತ್ರನ ರಕ್ತದಲ್ಲಿ ಸಂತೋಷಪಡುವರೆ? ನಾಲ್ಕನೆಯ ಶತಮಾನದ ಧರ್ಮಾಧ್ಯಕ್ಷರೊಬ್ಬರ ಈ ಪ್ರಶ್ನೆಗೂ ಇಪ್ಪತ್ತನೆಯ ಶತಮಾನದ ಸ್ತ್ರೀವಾದಿ ಪ್ರಶ್ನೆಗೂ ಇರುವ ನಂಟು ಸ್ಪಷ್ಟ.

2. ಆನ್ಸೆಲ್ಮರು, ಅಬೆಲಾರ್ಡರು, ಅಕ್ವಿನಾಸರು

ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಸಂತ ಆನ್ಸೆಲ್ಮರು ದೇಶಭ್ರಷ್ಟರಾಗಿ ಇಟಲಿಯಲ್ಲಿದ್ದಾಗ, 1098ರಲ್ಲಿ, ‘ದೇವರು ಮನುಷ್ಯನಾದುದೇಕೆ’ ಎಂಬ ಸಂವಾದಗ್ರಂಥವನ್ನು ಮುಗಿಸಿದರು. ಪಾಪವು ದೇವರಿಗೆ ಸಲ್ಲಬೇಕಾದ ಗೌರವವನ್ನು ಕಸಿಯುತ್ತದೆ. ಆ ಗೌರವಭಂಗಕ್ಕೆ ಶಿಕ್ಷೆಯಾಗಬೇಕು, ಇಲ್ಲವೆ ಪರಿಹಾರ ಸಲ್ಲಬೇಕು. ಸಾಲವಿರುವುದು ಮನುಷ್ಯನಿಗೆ, ತೀರಿಸಬಲ್ಲವರು ದೇವರೊಬ್ಬರೇ. ಆದ್ದರಿಂದ ದೇವಮಾನವನೇ ಬೇಕು. ಇದು ಅವರ ವಾದದ ಹಂದರ. ಧಣಿ ಮತ್ತು ಆಳುಗಳ ಊಳಿಗಮಾನ್ಯ ಸಮಾಜದ ಭಾಷೆ ಇಲ್ಲಿದೆ ಎಂಬುದು ನಿಜ. ಆದರೆ ಆನ್ಸೆಲ್ಮರಲ್ಲಿ ಪರಿಹಾರವು ಶಿಕ್ಷೆಗೆ ಪರ್ಯಾಯವೇ ಹೊರತು ಶಿಕ್ಷೆಯ ಇನ್ನೊಂದು ಹೆಸರಲ್ಲ. ಪಿತನು ಪುತ್ರನನ್ನು ನಮ್ಮ ಬದಲು ದಂಡಿಸಿದರು ಎಂದು ಅವರು ಹೇಳಲಿಲ್ಲ.

ಇನ್ನೂ ಮುಖ್ಯವಾದ ಮಾತು ಮೊದಲ ಪುಸ್ತಕದ ಎಂಟನೆಯ ಮತ್ತು ಒಂಬತ್ತನೆಯ ಅಧ್ಯಾಯಗಳಲ್ಲಿದೆ. ಅಪರಾಧಿಗಳನ್ನು ಬಿಡಿಸಲು ನಿರಪರಾಧಿಯನ್ನು ಸಾವಿಗೊಪ್ಪಿಸುವುದು ಯಾವ ನ್ಯಾಯ ಎಂದು ಶಿಷ್ಯ ಬೋಸೊ ಕೇಳುತ್ತಾನೆ. ಪಿತನು ಪುತ್ರನನ್ನು ಸಾಯಲು ಬಲವಂತಪಡಿಸಲಿಲ್ಲ. ಪುತ್ರನು ನೀತಿಯಲ್ಲಿ ಅಚಲನಾಗಿ ನಿಂತನು, ಆ ಅಚಲತೆಯ ಕಾರಣದಿಂದಲೇ ಅವನಿಗೆ ಮರಣ ಬಂತು ಎಂಬುದು ಆನ್ಸೆಲ್ಮರ ಉತ್ತರದ ಸಾರ. ವಿಧೇಯತೆಯ ವಸ್ತು ನೀತಿ. ಮರಣವು ಅದರ ಪರಿಣಾಮ. ಆನ್ಸೆಲ್ಮರನ್ನು ದೂರುವವರೂ ಹೊಗಳುವವರೂ ಈ ಪುಟಗಳನ್ನು ದಾಟಿಹೋಗುವುದೇ ಹೆಚ್ಚು.

ಒಂದು ತಲೆಮಾರಿನ ಬಳಿಕ ಪೀಟರ್ ಅಬೆಲಾರ್ಡರು ರೋಮನರಿಗೆ ಬರೆದ ಪತ್ರದ ವ್ಯಾಖ್ಯಾನದಲ್ಲಿ, ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೂರವೂ ಅನ್ಯಾಯವೂ ಅಲ್ಲವೆ ಎಂದು ಪ್ರಶ್ನಿಸಿ, ಶಿಲುಬೆಯಲ್ಲಿ ಪ್ರಕಟವಾದ ಪ್ರೀತಿಯು ನಮ್ಮಲ್ಲಿ ಪ್ರೀತಿಯನ್ನು ಹೊತ್ತಿಸುವುದೇ ಉದ್ಧಾರದ ಮಾರ್ಗವೆಂದರು. ಕ್ಲೇರ್ವೋದ ಸಂತ ಬರ್ನಾರ್ಡರು ಇದನ್ನು ಕಟುವಾಗಿ ಖಂಡಿಸಿದರು. ಕೇವಲ ಮಾದರಿಯೊಂದು ನಮ್ಮನ್ನು ಬಿಡಿಸಲಾರದು ಎಂಬುದು ಅವರ ಆಕ್ಷೇಪದ ತಿರುಳು.

ಸಂತ ತೋಮಸ್ ಅಕ್ವಿನಾಸರು ‘ದೈವಶಾಸ್ತ್ರ ಸಂಗ್ರಹ’ದ ಮೂರನೆಯ ಭಾಗದಲ್ಲಿ, 46ರಿಂದ 48ರವರೆಗಿನ ಪ್ರಶ್ನೆಗಳಲ್ಲಿ, ಈ ಎಳೆಗಳನ್ನು ಒಂದಾಗಿ ಹೆಣೆದರು. ಪರಿಹಾರವಿಲ್ಲದೆಯೂ ದೇವರು ಕ್ಷಮಿಸಬಹುದಿತ್ತು, ಅದರಿಂದ ಅವರ ನ್ಯಾಯಕ್ಕೆ ಕುಂದಿರಲಿಲ್ಲ. ಪಿತನು ಪುತ್ರನನ್ನು ಒಪ್ಪಿಸಿಕೊಟ್ಟರು ಎಂಬ ಮಾತಿಗೆ, ನಮಗಾಗಿ ಯಾತನೆಪಡುವ ಪ್ರೀತಿಯನ್ನು ಪುತ್ರನ ಹೃದಯದಲ್ಲಿ ಪ್ರೇರೇಪಿಸಿದರು ಎಂದು ಅರ್ಥ. ಪರಿಹಾರದ ಮೌಲ್ಯವಿರುವುದು ಯಾತನೆಯ ಪ್ರಮಾಣದಲ್ಲಿ ಮಾತ್ರವಲ್ಲ. ಎಲ್ಲಕ್ಕಿಂತ ಮೊದಲು ಅದನ್ನು ಅರ್ಪಿಸಿದ ಪ್ರೀತಿಯಲ್ಲಿ. ಪುಣ್ಯ, ಪರಿಹಾರ, ಬಲಿ, ವಿಮೋಚನೆ ಇವೆಲ್ಲ ಒಂದೇ ರಹಸ್ಯವನ್ನು ನೋಡುವ ಕಿಟಕಿಗಳು. ಒಂದು ಕಿಟಕಿಯನ್ನೇ ಇಡೀ ಮನೆಯೆಂದು ಅವರು ಭಾವಿಸಲಿಲ್ಲ.

3. ಹೆರಿಗೆಯ ನೋವು: ಮಧ್ಯಯುಗದ ಸ್ತ್ರೀಯರ ಧ್ವನಿ

ದೈವಶಾಸ್ತ್ರದ ಪಠ್ಯಗಳು ಸಾಮಾನ್ಯವಾಗಿ ಅಕ್ವಿನಾಸರಿಂದ ಸುಧಾರಣೆಯ ಕಾಲಕ್ಕೆ ಹಾರುತ್ತವೆ. ಆ ನಡುವೆ, ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಸ್ತ್ರೀಯರು ಮಠಗಳಲ್ಲಿಯೂ ಏಕಾಂತಕುಟೀರಗಳಲ್ಲಿಯೂ ಶಿಲುಬೆಯ ಬಗ್ಗೆ ಚಿಂತಿಸಿ ಬರೆದರು.

ಲಿಯೋನ್ ಬಳಿಯ ಕಾರ್ತೂಸಿಯನ್ ಮಠದ ಮೇಲ್ವಿಚಾರಕಿಯಾಗಿದ್ದ, 1310ರಲ್ಲಿ ತೀರಿಕೊಂಡ ಮಾರ್ಗರೇತ್ ದ್ವಾಂಗ್ ಅವರು ಕ್ರಿಸ್ತರ ಯಾತನೆಯನ್ನು ಹೆರಿಗೆಯ ನೋವಾಗಿ ಧ್ಯಾನಿಸಿದರು. ಶಿಲುಬೆಯು ಅವರಿಗೆ ಹೆರಿಗೆಯ ಹಾಸಿಗೆಯಾಗಿ ಕಂಡಿತು. ಅಲ್ಲಿ ಪ್ರಭು ಇಡೀ ಲೋಕವನ್ನು ಹೆತ್ತರು. ಈ ರೂಪಕಕ್ಕೆ ಶುಭಸಂದೇಶದ ಆಧಾರವಿದೆ. ಯೊವಾನ್ನರ ಶುಭಸಂದೇಶದ 16:21ರಲ್ಲಿ ಪ್ರಭು ಯೇಸು ತಮ್ಮ ಅಗಲಿಕೆಯ ಗಳಿಗೆಯನ್ನು ಹೆರುವ ಸ್ತ್ರೀಯ ಗಳಿಗೆಗೆ ಹೋಲಿಸುತ್ತಾರೆ. ಆನ್ಸೆಲ್ಮರೂ ಸಂತ ಪೌಲರನ್ನು ಕುರಿತ ತಮ್ಮ ಪ್ರಾರ್ಥನೆಯೊಂದರಲ್ಲಿ ಯೇಸುವನ್ನು ತಾಯಿಯೆಂದು ಕರೆದಿದ್ದಾರೆ. ಆ ಪ್ರಾರ್ಥನೆಯ ಆನ್ಸೆಲ್ಮರನ್ನು ನಾವು ತರಗತಿಯಲ್ಲಿ ಪರಿಚಯಿಸುವುದು ಕಡಿಮೆ.

ಈ ಪರಂಪರೆಯ ಶಿಖರ ನಾರ್ವಿಚ್‌ನ ಜೂಲಿಯನ್. 1373ರ ಮೇ ತಿಂಗಳಲ್ಲಿ, ಮೂವತ್ತೂವರೆ ವರ್ಷದ ಈ ಸ್ತ್ರೀ ಮರಣಶಯ್ಯೆಯಲ್ಲಿದ್ದಾಗ ಗುರುಗಳು ಆಕೆಯ ಕಣ್ಣೆದುರು ಶಿಲುಬೆಯನ್ನು ಹಿಡಿದರು. ಆಗ ಕಂಡ ದರ್ಶನಗಳನ್ನು ಆಕೆ ಮೊದಲು ಚಿಕ್ಕದಾಗಿ, ದಶಕಗಳ ಧ್ಯಾನದ ಬಳಿಕ ವಿಸ್ತಾರವಾಗಿ ಬರೆದರು. ಇಂಗ್ಲಿಷಿನಲ್ಲಿ ಸ್ತ್ರೀಯೊಬ್ಬರು ಬರೆದದ್ದೆಂದು ಖಚಿತವಾಗಿ ತಿಳಿದಿರುವ ಮೊದಲ ಗ್ರಂಥವಿದು. ಕರಾಳ ಮಾರಿಯು ನಾರ್ವಿಚ್ ನಗರವನ್ನು ಮತ್ತೆ ಮತ್ತೆ ಕಾಡಿದ್ದ ಕಾಲದಲ್ಲಿ, ಅದನ್ನು ದೇವರ ಕೋಪವೆಂದು ಸಾರುವುದು ಸಾಮಾನ್ಯವಾಗಿದ್ದಾಗ, ತಾನು ದೇವರಲ್ಲಿ ಕೋಪವನ್ನು ಕಾಣಲಿಲ್ಲ, ಕೋಪವಿರುವುದು ಮನುಷ್ಯನ ಕಡೆಯಲ್ಲಿ ಎಂದು ಆಕೆ ದಾಖಲಿಸಿದರು.

ವಿಸ್ತೃತ ಪಾಠದ 51ನೆಯ ಅಧ್ಯಾಯದಲ್ಲಿ ಒಡೆಯ ಮತ್ತು ಸೇವಕನ ದೃಷ್ಟಾಂತವಿದೆ. ಒಡೆಯನ ಕೆಲಸಕ್ಕೆ ಪ್ರೀತಿಯಿಂದ ಓಡಿದ ಸೇವಕನು ಹಳ್ಳಕ್ಕೆ ಬಿದ್ದು ಗಾಯಗೊಳ್ಳುತ್ತಾನೆ. ಏಳಲಾರ, ತಿರುಗಿ ಒಡೆಯನ ಮುಖವನ್ನೂ ನೋಡಲಾರ. ಒಡೆಯನ ಕಣ್ಣಲ್ಲಿ ಆರೋಪವಿಲ್ಲ, ಮರುಕವಿದೆ. ಆ ಸೇವಕನು ಆದಾಮನೂ ಹೌದು, ಕ್ರಿಸ್ತರೂ ಹೌದು: ಆದಾಮನು ಪಾಪಕ್ಕೆ ಬಿದ್ದಾಗ ದೇವಪುತ್ರನು ಕನ್ಯೆಯ ಗರ್ಭಕ್ಕೆ ಇಳಿದರು. ಇದರ ಅರ್ಥ ತನಗೆ ತಿಳಿಯಲು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡಿಯಿತು ಎಂದು ಜೂಲಿಯನ್ ಹೇಳುತ್ತಾರೆ. ಆನ್ಸೆಲ್ಮರ ಒಡೆಯ ಮತ್ತು ಆಳಿನ ಪಾತ್ರಗಳೇ ಇಲ್ಲಿಯೂ ಇವೆ. ಆದರೆ ಅಲ್ಲಿ ಮುಖ್ಯವಾದದ್ದು ಗೌರವಭಂಗ, ಇಲ್ಲಿ ಮುಖ್ಯವಾದದ್ದು ಗಾಯ. ಮುಂದಿನ ಅಧ್ಯಾಯಗಳಲ್ಲಿ ಕ್ರಿಸ್ತರು ನಮ್ಮ ತಾಯಿಯಾಗಿ, ಶಿಲುಬೆಯ ಮೇಲೆ ನಮ್ಮನ್ನು ಹೆತ್ತು ಪರಮಪ್ರಸಾದದಲ್ಲಿ ತಮ್ಮನ್ನೇ ಉಣಿಸುವವರಾಗಿ ಕಾಣುತ್ತಾರೆ. ಹೆರಿಗೆಯ ನೋವನ್ನು ಯಾರೂ ಶಿಕ್ಷೆಯಾಗಿ ಬಯಸುವುದಿಲ್ಲ, ನೋವಿಗಾಗಿಯೇ ನೋವನ್ನು ಮೆಚ್ಚುವುದಿಲ್ಲ. ಅದರ ಬೆಲೆಯೆಲ್ಲ ಹುಟ್ಟುವ ಜೀವದಲ್ಲಿದೆ. ಯಾತನೆಯನ್ನು ವೈಭವೀಕರಿಸದೆ ಶಿಲುಬೆಯನ್ನು ಸಾರುವ ಭಾಷೆಯೊಂದು ಹೀಗೆ ಆರು ಶತಮಾನಗಳ ಹಿಂದೆಯೇ ಸಿದ್ಧವಾಗಿತ್ತು.

4. ದಂಡನೆಯ ಭಾಷೆಯ ಏಳಿಗೆ

ಇತಿಹಾಸ ಆ ಹಾದಿಯಲ್ಲಿ ನಡೆಯಲಿಲ್ಲ. ಹದಿನಾರನೆಯ ಶತಮಾನದಲ್ಲಿ, ಮುಖ್ಯವಾಗಿ ನ್ಯಾಯಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಕ್ಯಾಲ್ವಿನರ ಬರಹಗಳಲ್ಲಿ, ಗೌರವದ ಸ್ಥಾನಕ್ಕೆ ಕಾನೂನು ಬಂತು. ಪರಿಹಾರದ ಸ್ಥಾನಕ್ಕೆ ಶಿಕ್ಷೆ ಬಂತು. ನಮಗೆ ಸಲ್ಲಬೇಕಾದ ದಂಡನೆಯನ್ನು ಕ್ರಿಸ್ತರು ನಮ್ಮ ಬದಲು ಹೊತ್ತರು ಎಂಬುದು ಸುಧಾರಿತ ದೈವಶಾಸ್ತ್ರದ ಕೇಂದ್ರ ಬೋಧನೆಯಾಯಿತು. ಇದು ಪ್ರೊಟೆಸ್ಟೆಂಟರ ಸಮಸ್ಯೆ ಮಾತ್ರವೆಂದು ನಾವು ಕಥೋಲಿಕರು ನಿಟ್ಟುಸಿರು ಬಿಡುವಂತಿಲ್ಲ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಬೊಸ್ಸುವೆಯಂತಹ ಮಹಾನ್ ಪ್ರಬೋಧಕರ ಶುಭ ಶುಕ್ರವಾರದ ಪ್ರಸಂಗಗಳಲ್ಲಿಯೂ ಪಿತನ ಕೋಪ ಪುತ್ರನ ಮೇಲೆ ಎರಗುವ ಚಿತ್ರಗಳಿವೆ. ಅಕ್ವಿನಾಸರ ಎಚ್ಚರಿಕೆಯ ವಿವೇಚನೆ ಗ್ರಂಥಾಲಯದಲ್ಲಿ ಉಳಿಯಿತು; ಬೋಧನಾಪೀಠದಿಂದ ಕೇಳಿಬಂದದ್ದು ರೋಷದ ದೇವರು.

1930ರಲ್ಲಿ ಸ್ವೀಡನ್ನಿನ ಗುಸ್ತಾಫ್ ಔಲೇನರು ಪ್ರಾಯಶ್ಚಿತ್ತದ ಮೂರು ಮಾದರಿಗಳನ್ನು ವಿಂಗಡಿಸಿದರು: ಪಾಪ, ಮರಣ, ಸೈತಾನರ ಮೇಲೆ ಕ್ರಿಸ್ತರ ವಿಜಯ, ಆನ್ಸೆಲ್ಮರ ಪರಿಹಾರ, ಅಬೆಲಾರ್ಡರ ನೈತಿಕ ಪ್ರಭಾವ. 1968ರಲ್ಲಿ ಜೋಸೆಫ್ ರಾಟ್ಜಿಂಗರರು, ಮುಂದೆ ಜಗದ್ಗುರು ಹದಿನಾರನೆಯ ಬೆನೆಡಿಕ್ಟರಾದವರು, ‘ಕ್ರೈಸ್ತಧರ್ಮ ಪ್ರವೇಶ’ ಎಂಬ ಕೃತಿಯಲ್ಲಿ, ಪುತ್ರನ ಬಲಿಯನ್ನು ಬೇಡುವ ನಿಷ್ಠುರ ನ್ಯಾಯದ ದೇವರ ಚಿತ್ರವು ಎಷ್ಟು ಪ್ರಚಲಿತವೋ ಅಷ್ಟೇ ತಪ್ಪು ಎಂಬರ್ಥದಲ್ಲಿ ಬರೆದು, ಶಿಲುಬೆಯು ದೇವರಿಂದ ಮನುಷ್ಯನ ಕಡೆಗೆ ಬರುವ ಚಲನೆಯೆಂದು ನೆನಪಿಸಿದರು. ಸ್ತ್ರೀವಾದಿ ವಿಮರ್ಶೆ ಹುಟ್ಟಿದ ಕಾಲದ ವಾತಾವರಣವಿದು.

5. ಸ್ತ್ರೀವಾದಿ ವಿಮರ್ಶೆಯ ಘಟ್ಟಗಳು

ಮೊದಲ ಹೆಜ್ಜೆ ಪಾಪದ ಬಗ್ಗೆ. 1960ರಲ್ಲಿ ವ್ಯಾಲರಿ ಸೇವಿಂಗ್ ಎಂಬ ಅಮೆರಿಕದ ವಿದುಷಿ ಒಂದು ಪ್ರಬಂಧವನ್ನು ಪ್ರಕಟಿಸಿ, ರೈನ್‌ಹೋಲ್ಡ್ ನೀಬೂರ್ ಮತ್ತು ಆಂದೆರ್ಸ್ ನೀಗ್ರೆನ್ ಅವರು ಅಹಂಕಾರವನ್ನು ಪಾಪವೆಂದೂ ಆತ್ಮತ್ಯಾಗವನ್ನು ಪರಿಹಾರವೆಂದೂ ಬೋಧಿಸುವಾಗ ಪುರುಷರ ಅನುಭವವನ್ನೇ ಮಾನವಕುಲದ ಅನುಭವವೆಂದು ತಿಳಿದಿದ್ದಾರೆ ಎಂದರು. ಮನೆಯ ಎಲ್ಲರ ಬೇಡಿಕೆಗಳಲ್ಲಿ ತನ್ನನ್ನೇ ಕಳೆದುಕೊಂಡ ಸ್ತ್ರೀಗೆ ಇನ್ನಷ್ಟು ಆತ್ಮತ್ಯಾಗವನ್ನು ಬೋಧಿಸುವುದು ಗುಣಪಡಿಸುವುದಿಲ್ಲ. ರೋಗನಿದಾನವೇ ತಪ್ಪಿದರೆ ಔಷಧವೂ ತಪ್ಪುತ್ತದೆ. ಕನ್ನಡ ಸೀಮೆಯಲ್ಲಿ ಮನೆಮಂದಿಯೆಲ್ಲ ಉಂಡಮೇಲೆ ಉಳಿದದ್ದನ್ನು ಉಣ್ಣುವ ಹೆಣ್ಣಿಗೆ ತಪಸ್ಸುಕಾಲದ ಉಪವಾಸದ ಪ್ರಬೋಧನೆ ಹೇಗೆ ಕೇಳಿಸುತ್ತದೆ ಎಂದು ಯೋಚಿಸಿದರೆ ಈ ಮಾತಿನ ತೂಕ ತಿಳಿಯುತ್ತದೆ.

ಎರಡನೆಯ ಹೆಜ್ಜೆ ಯಾತನೆಯ ಬಗ್ಗೆ. ಜರ್ಮನಿಯ ದೊರೊತೆ ಜೋಲೆಯವರು 1973ರಲ್ಲಿ ‘ಯಾತನೆ’ ಎಂಬ ಕೃತಿಯನ್ನು ಬರೆದರು. ಆಶ್ವಿಟ್ಸ್ ಶಿಬಿರದ ಬಳಿಕ, ನೋವನ್ನು ದೇವರೇ ವಿಧಿಸುತ್ತಾರೆ ಎನ್ನುವ ದೈವಶಾಸ್ತ್ರವು ಹಿಂಸಾನಂದದ ದೇವರನ್ನು ಆರಾಧಿಸುತ್ತದೆ ಎಂಬುದು ಅವರ ಆರೋಪ. ಪುತ್ರನನ್ನು ತೊರೆಯುವ ಪಿತನ ಬಗ್ಗೆ ಯೂರ್ಗನ್ ಮೋಲ್ಟ್‌ಮನ್ ಬರೆದ ಕೆಲವು ಮಾತುಗಳನ್ನೂ ಅವರು ಬಿಡಲಿಲ್ಲ. ನೋವಿನ ಮೂರು ಘಟ್ಟಗಳನ್ನು ಅವರು ಗುರುತಿಸಿದರು: ಮಾತು ಸತ್ತ ಮೌನ, ಪ್ರಲಾಪ, ಒಡನಾಟದ ಕ್ರಿಯೆ. ಮೌನದಿಂದ ಪ್ರಲಾಪಕ್ಕೆ ಬರುವುದೇ ಬಿಡುಗಡೆಯ ಆರಂಭ. ಕೀರ್ತನೆಗಳ ಗ್ರಂಥವನ್ನು ದಿನನಿತ್ಯ ಪ್ರಾರ್ಥಿಸುವ ಗುರುಗಳಿಗೆ ಇದು ಅಪರಿಚಿತ ಬೋಧನೆಯಲ್ಲ.

ಮೂರನೆಯ ಹೆಜ್ಜೆ ಅತ್ಯಂತ ಕಠಿಣವಾದದ್ದು. 1989ರಲ್ಲಿ ಜೋಆನ್ ಕಾರ್ಲ್ಸನ್ ಬ್ರೌನ್ ಮತ್ತು ರೆಬೆಕ್ಕಾ ಪಾರ್ಕರ್ ಒಟ್ಟಾಗಿ ಬರೆದ ಪ್ರಬಂಧವು ಔಲೇನರ ಮೂರೂ ಮಾದರಿಗಳನ್ನು ವಿಚಾರಣೆಗೆ ಒಳಪಡಿಸಿತು. ವಿಜಯದ ಮಾದರಿಯು ಇಂದಿನ ನೋವನ್ನು ನಾಳಿನ ಗೆಲುವಿನ ಮುನ್ನುಡಿಯೆಂದು ಸಹಿಸಲು ಹೇಳುತ್ತದೆ. ಪರಿಹಾರದ ಮಾದರಿಯು ಮಗನ ಸಾವನ್ನು ಬೇಡುವ ತಂದೆಯನ್ನು ತೋರಿಸುತ್ತದೆ. ನೈತಿಕ ಪ್ರಭಾವದ ಮಾದರಿಯು ಹಿಂಸಕನ ಮನಸ್ಸು ಕರಗಲೆಂದು ಬಲಿಪಶುವನ್ನು ಸಾಯಲು ಬಿಡುತ್ತದೆ. ಇವುಗಳಲ್ಲಿ ದೇವರೇ ಮಗುವನ್ನು ಹಿಂಸಿಸುವ ತಂದೆಯಾಗುತ್ತಾರೆ ಎಂಬ ಅವರ ಮಾತು ದೊಡ್ಡ ಬಿರುಗಾಳಿಯನ್ನೆಬ್ಬಿಸಿತು. 2001ರಲ್ಲಿ ರೀಟಾ ನಕಶಿಮಾ ಬ್ರಾಕ್ ಜೊತೆ ಬರೆದ ಇನ್ನೊಂದು ಕೃತಿಯಲ್ಲಿ ಪಾರ್ಕರ್ ಅವರು ಆ ಮಾತಿನ ಹಿಂದಿನ ಪಾಲನಾ ಅನುಭವವನ್ನು ವಿವರಿಸಿದರು. ಗಂಡನಿಂದ ಪೆಟ್ಟು ತಿನ್ನುತ್ತಿದ್ದ ಸ್ತ್ರೀಯೊಬ್ಬರು ಇಪ್ಪತ್ತು ವರ್ಷಗಳ ಹಿಂದೆ ತಮ್ಮ ಗುರುಗಳ ಸಲಹೆ ಕೇಳಿದ್ದರಂತೆ. ಈ ನೋವು ನಿನ್ನನ್ನು ಯೇಸುವಿನ ಹತ್ತಿರಕ್ಕೆ ತರುತ್ತದೆ, ಸಂತೋಷದಿಂದ ಸಹಿಸಿಕೊ ಎಂಬ ಉತ್ತರ ಬಂದಿತ್ತಂತೆ. ಆ ಉತ್ತರ ನಿಜವೇ ಎಂದು ಕೇಳಲು ಆಕೆ ಪಾರ್ಕರ್ ಅವರ ಬಳಿ ಬಂದಿದ್ದರು.

ನಾಲ್ಕನೆಯದು ಕಪ್ಪು ಸ್ತ್ರೀಯರ ಧ್ವನಿ. ಡೆಲೋರಸ್ ವಿಲಿಯಮ್ಸ್ ಅವರು 1993ರ ತಮ್ಮ ಕೃತಿಯಲ್ಲಿ ಆದಿಕಾಂಡದ 16 ಮತ್ತು 21ನೆಯ ಅಧ್ಯಾಯಗಳ ಹಾಗಾರಳನ್ನು ಕೇಂದ್ರಕ್ಕೆ ತಂದರು. ಸಾರಳ ಬದಲು ಹೆತ್ತ ದಾಸಿ ಹಾಗಾರಳಂತೆ, ಅಮೆರಿಕದ ಗುಲಾಮಗಿರಿಯಲ್ಲಿ ಕಪ್ಪು ಸ್ತ್ರೀಯರು ಇತರರ ಬದಲು ದುಡಿದರು, ಇತರರ ಮಕ್ಕಳನ್ನು ಸಾಕಿದರು, ಇತರರ ಕಾಮಕ್ಕೆ ತುತ್ತಾದರು. ‘ಬದಲಿಯಾಗುವುದು’ ಅವರ ಪಾಲಿಗೆ ಬಿಡುಗಡೆಯ ಪದವಲ್ಲ, ಸಂಕೋಲೆಯ ಪದ. ಹಾಗಾದರೆ ಬದಲಿಯಾಗಿ ಸತ್ತ ಕ್ರಿಸ್ತರು ಅವರಿಗೆ ಹೇಗೆ ರಕ್ಷಕರಾಗುತ್ತಾರೆ? ರಕ್ಷಣೆಯಿರುವುದು ಯೇಸುವಿನ ಬಾಳಿನಲ್ಲಿ, ಗುಣಪಡಿಸಿದ ಅವರ ಕೈಗಳಲ್ಲಿ, ಅರಣ್ಯದಲ್ಲಿ ಹಾಗಾರಳಿಗೆ ಬಾವಿಯನ್ನು ತೋರಿಸಿದ ದೇವರಲ್ಲಿ ಎಂಬುದು ವಿಲಿಯಮ್ಸರ ಉತ್ತರ.

ಏಷ್ಯಾದ ಧ್ವನಿಗಳೂ ಇದೇ ಹೊತ್ತಿಗೆ ಕೇಳಿಬಂದವು. ಧರ್ಮಸಭೆಗಳ ವಿಶ್ವಮಂಡಳಿಯು 1988ರಿಂದ 1998ರವರೆಗೆ ಸ್ತ್ರೀಯರೊಂದಿಗೆ ಒಗ್ಗಟ್ಟಿನ ದಶಕವನ್ನು ಆಚರಿಸಿತು. ಆ ಮಂಡಳಿಯಲ್ಲಿ ಸೇವೆ ಸಲ್ಲಿಸಿದ ಭಾರತದ ಅರುಣಾ ಜ್ಞಾನದಾಸನ್ ಅವರು 1993ರಲ್ಲಿ ಪ್ರಕಟಿಸಿದ ಕಿರುಗ್ರಂಥವು, ಸ್ತ್ರೀಯರ ಮೇಲಿನ ಹಿಂಸೆ ಧರ್ಮಸಭೆಯ ಒಳಗೂ ಇದೆ, ಅದು ಇನ್ನು ಗುಟ್ಟಾಗಿ ಉಳಿಯಲಾರದು ಎಂದು ಸಾರಿತು.

6. ವಿಮರ್ಶೆಯ ವಿಮರ್ಶೆ

ಈ ವಾದಗಳನ್ನು ತೂಗಿನೋಡುವ ಹೊಣೆ ನಮ್ಮದು. ಮೊದಲನೆಯದಾಗಿ, ದೈವಿಕ ಹಿಂಸೆಯ ಆರೋಪವು ಪಿತ ಮತ್ತು ಪುತ್ರರನ್ನು ಎರಡು ಬೇರೆ ಬೇರೆ ಇಚ್ಛೆಗಳುಳ್ಳ ವ್ಯಕ್ತಿಗಳೆಂದು ಭಾವಿಸುತ್ತದೆ. ತ್ರಿತ್ವದಲ್ಲಿ ದೈವಿಕ ಇಚ್ಛೆ ಒಂದೇ. ಯೊವಾನ್ನರ 10:18ರ ಪ್ರಕಾರ ಪುತ್ರನು ತನ್ನ ಪ್ರಾಣವನ್ನು ತಾನಾಗಿಯೇ ಕೊಡುತ್ತಾನೆ. ಶಿಲುಬೆಯಲ್ಲಿ ದೇವರು ಇನ್ನೊಬ್ಬರನ್ನು ಬಲಿಗೊಡುವುದಿಲ್ಲ, ತಮ್ಮನ್ನೇ ಕೊಡುತ್ತಾರೆ. ಸರಿಯಾದ ತ್ರಿತ್ವಬೋಧನೆಗೆ ಈ ಆರೋಪ ತಗಲುವುದಿಲ್ಲ. ಆದರೆ ಪಿತನ ರೋಷವನ್ನೂ ಪುತ್ರನ ಬಲಿಯನ್ನೂ ಎದುರುಬದುರಾಗಿ ನಿಲ್ಲಿಸುವ ಪ್ರಬೋಧನೆಗೆ ಚೆನ್ನಾಗಿಯೇ ತಗಲುತ್ತದೆ. ನಮ್ಮ ಜನರು ಕೇಳಿರುವುದು ಹೆಚ್ಚಾಗಿ ಆ ಪ್ರಬೋಧನೆಯನ್ನೇ.

ಎರಡನೆಯದಾಗಿ, ಶಿಲುಬೆಯನ್ನು ಕೈಬಿಟ್ಟು ಯೇಸುವಿನ ಬಾಳನ್ನು ಮಾತ್ರ ಉಳಿಸಿಕೊಳ್ಳುವುದು ಪೌಲರಿಗೂ ಶುಭಸಂದೇಶಗಳ ಸ್ವರೂಪಕ್ಕೂ ಪರಮಪ್ರಸಾದದ ಸಂಸ್ಕಾರಕ್ಕೂ ಒಗ್ಗದ ಮಾತು. ಯೇಸುವಿನ ಬಾಳೇ ಅವರನ್ನು ಶಿಲುಬೆಗೆ ಕರೆದೊಯ್ದದ್ದು. ನೊಂದವರೇ ಇದಕ್ಕೆ ಸಾಕ್ಷಿ. ಜೋಆನ್ ಮರೀ ಟೆರೆಲ್ 1998ರಲ್ಲಿ, ಕಥೋಲಿಕ ದೈವಶಾಸ್ತ್ರಜ್ಞೆ ಶಾನ್ ಕೋಪ್ಲೆಂಡ್ 2010ರಲ್ಲಿ, ಗುಲಾಮಗಿರಿಯ ಕೆಳಗೆ ನರಳಿದ ಸ್ತ್ರೀಯರ ದೃಷ್ಟಿಯಿಂದಲೇ ಶಿಲುಬೆಯ ಅರ್ಥವನ್ನು ಮತ್ತೆ ಅನ್ವೇಷಿಸಿದರು. ನಮ್ಮ ಹಳ್ಳಿಗಳಲ್ಲಿ ಶಿಲುಬೆಯ ಹಾದಿಯನ್ನು ಬರಿಗಾಲಲ್ಲಿ ನಡೆಯುವ ತಾಯಂದಿರು ಅಲ್ಲಿ ತಮ್ಮ ನೋವನ್ನು ಬಲ್ಲ ಪ್ರಭುವನ್ನು ಕಾಣುತ್ತಾರೆ. ಆ ಆಸರೆಯನ್ನು ಅವರಿಂದ ಕಸಿಯುವ ಹಕ್ಕು ಯಾವ ಪ್ರಾಧ್ಯಾಪಕನಿಗೂ ಇಲ್ಲ.

ಮೂರನೆಯದಾಗಿ, ಮರುನಿರ್ಮಾಣದ ಪ್ರಯತ್ನಗಳು ಸಂಪ್ರದಾಯದ ಮರೆತ ಎಳೆಗಳಿಗೇ ಮರಳುತ್ತಿವೆ. ಕ್ಯಾಥರಿನ್ ಟ್ಯಾನರ್ 2010ರಲ್ಲಿ ಮನುಷ್ಯಾವತಾರವನ್ನೇ ಪ್ರಾಯಶ್ಚಿತ್ತದ ಮೂಲಸೂತ್ರವಾಗಿ ವಿವರಿಸಿದರು: ದೇವರ ಜೀವ ನಮ್ಮ ಸ್ವಭಾವದೊಂದಿಗೆ ಒಂದಾಗಿ ಸಾವಿನ ಆಳದವರೆಗೂ ಇಳಿದುದರಿಂದ ನಾವು ರಕ್ಷಿತರು. ಇದು ಇರೆನೇಯಸರ ಮನೆಯ ಮಾತು. 2018ರಲ್ಲಿ ಸಿಸ್ಟರ್ ಎಲಿಜಬೆತ್ ಜಾನ್ಸನ್ ಆನ್ಸೆಲ್ಮರೊಂದಿಗೇ ಸಂವಾದಕ್ಕೆ ಇಳಿದು, ಇಡೀ ಸೃಷ್ಟಿಯ ನೋವಿನಲ್ಲಿ ಜೊತೆಗಿರುವ ದೇವರನ್ನು ಶಿಲುಬೆಯಲ್ಲಿ ತೋರಿಸಿದರು. ಹೀಗಾಗಿ ಸ್ತ್ರೀವಾದಿ ವಿಮರ್ಶೆಯನ್ನು ಸಂಪ್ರದಾಯದ ಶತ್ರುವೆನ್ನುವುದಕ್ಕಿಂತ, ಸಂಪ್ರದಾಯವು ತನ್ನನ್ನು ತಾನೇ ತಿದ್ದಿಕೊಳ್ಳುವ ದೀರ್ಘ ಪ್ರಕ್ರಿಯೆಯ ಒಂದು ಘಟ್ಟವೆನ್ನುವುದು ಹೆಚ್ಚು ಸರಿ. ನಾಜಿಯಾಂಜಿನ ಗ್ರೆಗೊರಿಯವರ ಪ್ರಶ್ನೆ, ಬೋಸೊನ ಪ್ರಶ್ನೆ, ಜೂಲಿಯನ್ನರ ಇಪ್ಪತ್ತು ವರ್ಷಗಳ ಧ್ಯಾನ ಇವೆಲ್ಲ ಅದರ ಹಿಂದಿನ ಘಟ್ಟಗಳು.

7. ಪಾಲನಾ ಸೇವೆಗೆ ಕೆಲವು ಸೂಚನೆಗಳು

ಈ ಚರ್ಚೆ ತರಗತಿಯಲ್ಲೇ ಮುಗಿಯುವಂಥದ್ದಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ, ವಿವಾಹಿತರಾದ ಸ್ತ್ರೀಯರಲ್ಲಿ ಶೇಕಡಾ 44ರಷ್ಟು ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದ್ದಾರೆ. ದೇಶದ ಸರಾಸರಿ ಶೇಕಡಾ 29ರಷ್ಟು. ನಮ್ಮ ಭಾನುವಾರದ ಬಲಿಪೂಜೆಗೆ ಬರುವ ಸ್ತ್ರೀಯರೂ ಈ ಸಮಾಜದವರೇ. ಅವರಲ್ಲಿ ಒಬ್ಬರು ಪಾಪನಿವೇದನೆಯ ಪೀಠದ ಬಳಿ ಬಂದು, ಕೋಪಿಸಿಕೊಂಡೆ ಎಂಬ ಸಣ್ಣ ಪಾಪದ ಮರೆಯಲ್ಲಿ ದೊಡ್ಡ ಗಾಯವನ್ನು ಮುಂದಿಟ್ಟಾಗ, ಪ್ರಾಯಶ್ಚಿತ್ತದ ಬಗ್ಗೆ ನಾವು ಕಲಿತದ್ದು ಒಂದೆರಡು ವಾಕ್ಯಗಳಲ್ಲಿ ಹೊರಬೀಳುತ್ತದೆ. ಆ ವಾಕ್ಯಗಳ ಮೇಲೆ ಒಂದು ಜೀವ ನಿಂತಿರಬಹುದು.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 1153ನೆಯ ವಿಧಿಯು, ದಂಪತಿಗಳಲ್ಲಿ ಒಬ್ಬರು ಇನ್ನೊಬ್ಬರ ಅಥವಾ ಮಕ್ಕಳ ಆತ್ಮಕ್ಕೋ ದೇಹಕ್ಕೋ ಗಂಭೀರ ಅಪಾಯ ಒಡ್ಡಿದರೆ ಬೇರೆ ಬಾಳಲು ನ್ಯಾಯಯುತ ಕಾರಣವಿದೆ ಎನ್ನುತ್ತದೆ. ತಡಮಾಡುವುದೇ ಅಪಾಯವಾದಾಗ ಸ್ವಂತ ನಿರ್ಧಾರದಿಂದಲೂ ಹೊರಡಬಹುದು. ಜಗದ್ಗುರು ಫ್ರಾನ್ಸಿಸರು 2016ರ ‘ಅಮೋರಿಸ್ ಲೆತೀತ್ಸಿಯಾ’ ಪ್ರಬೋಧನಾ ಪತ್ರದಲ್ಲಿ ಸ್ತ್ರೀಯರ ಮೇಲಿನ ಹಿಂಸೆಯನ್ನು ಹೇಡಿತನವೆಂದು ಕರೆದು (54), ಕೆಲವೊಮ್ಮೆ ಅಗಲಿಕೆ ನೈತಿಕವಾಗಿ ಅಗತ್ಯವೂ ಆಗಬಹುದು ಎಂದಿದ್ದಾರೆ (241). ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2010ರಲ್ಲಿಯೇ ಲಿಂಗಸಮಾನತೆಯ ನೀತಿಯನ್ನು ಪ್ರಕಟಿಸಿದೆ. ನಾಡಿನ ಕಾನೂನೂ ಇದೆ: ಕೌಟುಂಬಿಕ ಹಿಂಸೆಯಿಂದ ಸ್ತ್ರೀಯರನ್ನು ರಕ್ಷಿಸುವ 2005ರ ಅಧಿನಿಯಮವು ರಕ್ಷಣಾಧಿಕಾರಿಗಳನ್ನೂ ವಾಸದ ಹಕ್ಕನ್ನೂ ಒದಗಿಸುತ್ತದೆ. ಇವುಗಳನ್ನು ತಿಳಿಯದೆ ಶಿಲುಬೆಯ ಬಗ್ಗೆ ಮಾತ್ರ ಮಾತನಾಡುವ ಗುರು ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ.

ಪ್ರಬೋಧನೆಗೆ ಸಂಬಂಧಿಸಿ ಮೂರು ಮಾತುಗಳು ಸಾಕು. ಒಂದು, ಸಂತ ಪೇತ್ರರ ಮೊದಲ ಪತ್ರದ ಎರಡನೆಯ ಅಧ್ಯಾಯದಲ್ಲಿ ದಾಸರಿಗೆ ಕ್ರಿಸ್ತರ ತಾಳ್ಮೆಯನ್ನು ಮಾದರಿಯಾಗಿ ತೋರಿಸಿದ ಬೆನ್ನಿಗೇ ಮೂರನೆಯ ಅಧ್ಯಾಯವು ಪತ್ನಿಯರತ್ತ ತಿರುಗುತ್ತದೆ. ಬೇರೆ ದಾರಿಯಿಲ್ಲದಿದ್ದ ದಾಸರಿಗೆ ನೀಡಿದ ಸಾಂತ್ವನವನ್ನು, ದಾರಿಯಿರುವ ಹೆಣ್ಣಿನ ಮೇಲೆ ಆಜ್ಞೆಯಾಗಿ ಹೇರಬಾರದು. ಅದೇ ಅಧ್ಯಾಯವು ಪತ್ನಿಯನ್ನು ಜೀವವರದ ಸಹಬಾಧ್ಯಳೆಂದು ಗೌರವಿಸಬೇಕೆಂದು ಗಂಡಂದಿರಿಗೆ ಹೇಳುವುದನ್ನು ಮುಚ್ಚಿಡಲೂಬಾರದು. ಎರಡು, ನೀತಿಗಾಗಿ ನಿಂತು ಅದರ ಪರಿಣಾಮವಾಗಿ ಬರುವ ನೋವಿಗೂ, ಇನ್ನೊಬ್ಬರ ಪಾಪವು ಹೇರಿದ ನೋವಿಗೂ ವ್ಯತ್ಯಾಸವಿದೆ. ಮೊದಲನೆಯದು ಶಿಲುಬೆ, ಎರಡನೆಯದು ಮೊದಲು ನಿಲ್ಲಿಸಬೇಕಾದ ಅನ್ಯಾಯ. ಆನ್ಸೆಲ್ಮರು ಬೋಸೊನಿಗೆ ನೀಡಿದ ಉತ್ತರದಲ್ಲಿಯೇ ಈ ವ್ಯತ್ಯಾಸದ ಬೀಜವಿದೆ. ಮೂರು, ಯೊವಾನ್ನರ 18:23ರಲ್ಲಿ ಕಾವಲುಗಾರನು ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರಲಿಲ್ಲ. ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲವಾದರೆ ಏಕೆ ಹೊಡೆದೆ ಎಂದು ಕಾರಣ ಕೇಳಿದರು. ಆ ಪ್ರಶ್ನೆಯೂ ಯಾತನೆಯ ಚರಿತ್ರೆಗೆ ಸೇರಿದೆ. ಶುಭ ಶುಕ್ರವಾರ ಅದನ್ನು ಗಟ್ಟಿಯಾಗಿ ಓದುವ ನಾವು, ಪ್ರಬೋಧನೆಯಲ್ಲಿ ಅದರ ಬಳಿ ನಿಲ್ಲುವುದು ಅಪರೂಪ.

ಮಾರ್ಕರ ಶುಭಸಂದೇಶದ ಪ್ರಕಾರ ಶಿಷ್ಯರು ಓಡಿಹೋದ ಬಳಿಕವೂ ಶಿಲುಬೆಯನ್ನು ದೂರದಿಂದ ನೋಡುತ್ತಾ ನಿಂತವರು ಸ್ತ್ರೀಯರು (15:40-41). ಅವರು ಅಲ್ಲಿ ನೋವನ್ನು ಪೂಜಿಸಲು ನಿಂತಿರಲಿಲ್ಲ. ಪ್ರೀತಿಸಿದವರನ್ನು ಒಂಟಿಯಾಗಿ ಬಿಡಲಾರದೆ ನಿಂತಿದ್ದರು. ಮೂರನೆಯ ದಿನ ಸಮಾಧಿ ಬರಿದಾದುದನ್ನು ಮೊದಲು ಕಂಡವರೂ ಅವರೇ. ಪ್ರಾಯಶ್ಚಿತ್ತದ ಬಗ್ಗೆ ಯಾವ ಸಿದ್ಧಾಂತವನ್ನು ಬೋಧಿಸಿದರೂ, ಅದನ್ನು ಆ ಸ್ತ್ರೀಯರ ಎದುರು ನಿಂತು ಹೇಳಲು ಸಾಧ್ಯವೇ ಎಂದು ಕೇಳಿಕೊಳ್ಳುವುದು ಗುರುವಿಗೂ ಗುರುವಿದ್ಯಾರ್ಥಿಗೂ ಒಳ್ಳೆಯ ಪರೀಕ್ಷೆ.